ಬೆರೆತರೂ ಕರಗದ ಕಾಳು



ಮಂಡ್ಯ ಸೀಮೆಯಲ್ಲಿ ಇಂಡಾಫ್ ರಾಗಿ ಬೆಳೆದ ರೈತ ಒಕ್ಕಣೆಗೆ ಮೊದಲೇ ಒಳ್ಳೆಯ ತೆನೆಗಳನ್ನು ಆರಿಸಿ ಮುಂದಿನ ವರ್ಷದ ಬಿತ್ತನೆಗೆ ಎತ್ತಿಡಬಹುದು. ಹಾವೇರಿ, ಧಾರವಾಡದ ಕಡೆ ಹೈಬ್ರಿಡ್ ಹತ್ತಿ ಬೆಳೆಯುವವನಿಗೆ ಆ ಅನುಕೂಲವಿಲ್ಲ. ಅವನು ಪ್ರತಿ ಮುಂಗಾರಿಗೂ ಬೀಜದ ಅಂಗಡಿಯ ಮುಂದೆ ನಿಲ್ಲಬೇಕು. ವಿಚಿತ್ರವೆಂದರೆ ಎರಡೂ ಸಂಕರದಿಂದ ಹುಟ್ಟಿದ ಬೆಳೆಗಳೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳು ಸೇರಿ ‘ಇಂಡಾಫ್’ ಆಯಿತು. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಲಕ್ಷ್ಮಿ ಎಂಬ ತಳಿಯನ್ನು ಬೇರೊಂದು ಜಾತಿಯ ಉದ್ದನೆಯ ಎಳೆಯ ಹತ್ತಿಯೊಂದಿಗೆ ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ಯನ್ನು ಕೊಟ್ಟರು. ಹಾಗಿದ್ದರೆ ಒಂದರ ಬೀಜ ಮನೆಯ ಕಣಜದ್ದು, ಇನ್ನೊಂದರದು ಅಂಗಡಿಯದು ಏಕೆ? ಇದು ಬೀಜದ ಕಂಪನಿಗಳ ಹೂಟ ಎಂಬ ಮಾತು ಹಳ್ಳಿಗಳಲ್ಲಿದೆ. ಬೆಲೆಯ ವಿಷಯದಲ್ಲಿ ಆ ಸಂಶಯವನ್ನು ತಳ್ಳಿಹಾಕಲಾರೆ. ಆದರೆ ಕಂಪನಿಯೇ ಇಲ್ಲದ ಲೋಕದಲ್ಲೂ ಹೈಬ್ರಿಡ್ ಹತ್ತಿಯ ಬೀಜ ಎರಡನೆಯ ವರ್ಷ ಕೈಕೊಡುತ್ತಿತ್ತು. ಆನುವಂಶಿಕತೆಯ ಮೂಲತತ್ತ್ವ ಇರುವುದು ಇಲ್ಲೇ. ನಮ್ಮ ಮನೆಗಳಲ್ಲಿ ಹೆಣ್ಣು-ಗಂಡು ನೋಡುವಾಗ ಎತ್ತುವ ಪ್ರಶ್ನೆಗಳವರೆಗೂ ಅದು ಚಾಚಿಕೊಂಡಿದೆ ಎಂಬುದು ಈ ಉಪನ್ಯಾಸದ ವಾದ.

ವಂಶದ ಬಗ್ಗೆ ನಾವು ಆಡುವ ಮಾತುಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಒಡಹುಟ್ಟಿದವರು ‘ರಕ್ತ ಹಂಚಿಕೊಂಡು ಹುಟ್ಟಿದವರು’. ಹುಡುಗನ ಮುಂಗೋಪ ‘ರಕ್ತದಲ್ಲೇ ಬಂದದ್ದು’. ಎಲ್ಲವೂ ದ್ರವದ ಭಾಷೆ. ಈ ಭಾಷೆಯ ಹಿಂದೆ ಒಂದು ಸಿದ್ಧಾಂತ ಅಡಗಿದೆ: ಅಪ್ಪನ ಗುಣ, ಅಮ್ಮನ ಗುಣ ಹಾಲು-ನೀರಿನಂತೆ ಬೆರೆತು ಮಗುವಾಗುತ್ತದೆ, ಒಮ್ಮೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಲಾಗದು. ಇದು ಅಕ್ಷರ ಬಾರದವರ ತಪ್ಪು ಕಲ್ಪನೆಯೇನಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪಂಡಿತರೂ ಬಹುಮಟ್ಟಿಗೆ ಇದನ್ನೇ ನಂಬಿದ್ದರು, ಡಾರ್ವಿನ್ ಕೂಡ. ಆ ನಂಬಿಕೆಗೆ ಅವನು ತೆತ್ತ ಬೆಲೆ ದೊಡ್ಡದು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಒಂದು ನೇರ ಪ್ರಶ್ನೆ ಎತ್ತಿದ. ಗುಣಗಳು ಬೆರೆತುಹೋಗುವುದಾದರೆ, ಒಂದು ಜೀವಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ಒಳ್ಳೆಯ ಗುಣ ಮಕ್ಕಳಲ್ಲಿ ಅರ್ಧವಾಗಿ, ಮೊಮ್ಮಕ್ಕಳಲ್ಲಿ ಕಾಲಾಗಿ, ಕೊನೆಗೆ ಕೆರೆಗೆ ಬಿದ್ದ ಹಾಲಿನ ಹನಿಯಂತೆ ಕಾಣೆಯಾಗುವುದಿಲ್ಲವೇ? ಇನ್ನು ವಿಕಾಸಕ್ಕೆ ಆಯ್ದುಕೊಳ್ಳಲು ಉಳಿಯುವುದೇನು? ಡಾರ್ವಿನ್ ಬಳಿ ಇದಕ್ಕೆ ಒಳ್ಳೆಯ ಉತ್ತರವಿರಲಿಲ್ಲ. ಉತ್ತರದ ಸಾಮಗ್ರಿಯಂತೂ ಅವನ ಕೈಯಲ್ಲೇ ಇತ್ತು. ನಾಯಿಬಾಯಿ (ಸ್ನಾಪ್‌ಡ್ರ್ಯಾಗನ್) ಹೂವಿನ ಎರಡು ಬಗೆಗಳನ್ನು ಕೂಡಿಸಿ ಎರಡನೆಯ ಪೀಳಿಗೆಯಲ್ಲಿ ಅವನು ಎಣಿಸಿದಾಗ 88 ಗಿಡಗಳು ಸಾಮಾನ್ಯ ರೂಪದವು, 37 ಗಿಡಗಳು ವಿಲಕ್ಷಣ ರೂಪದವು ಸಿಕ್ಕಿದ್ದವು. ಅವನು ಅದನ್ನು ಬರೆದಿಟ್ಟು ಮುಂದೆ ಸಾಗಿದ. ಬೆರೆಯುವ ದ್ರವವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಎಣಿಕೆಯಲ್ಲಿ ಅರ್ಥ ಹೊಳೆಯುವುದು ಕಷ್ಟ. ದ್ರವವನ್ನು ಅಳೆಯುತ್ತಾರೆ, ಎಣಿಸುವುದಿಲ್ಲ.

ಎಣಿಸಿದವನು ಮೆಂಡೆಲ್. ಇಂದಿನ ಚೆಕ್ ದೇಶದ ಬರ್ನೊ ನಗರದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಅವನು ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿದ. ಬಟಾಣಿ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ. ಅದನ್ನು ಬೇರೆ ಗಿಡದೊಂದಿಗೆ ಕೂಡಿಸಬೇಕಾದರೆ ಮೊಗ್ಗು ಬಿಡಿಸಿ ಪರಾಗಕೋಶಗಳನ್ನು ಕಿತ್ತು, ಬೇರೆ ಹೂವಿನ ಪರಾಗವನ್ನು ಕೈಯಿಂದಲೇ ಸವರಬೇಕು. ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಹತ್ತಿಯ ಮೊಗ್ಗಿಗೆ ಮಾಡುವುದೂ ಇದೇ ಕೆಲಸ. ಗುಂಡು ಕಾಳಿನ ಬಟಾಣಿಯನ್ನೂ ಸುಕ್ಕು ಕಾಳಿನ ಬಟಾಣಿಯನ್ನೂ ಕೂಡಿಸಿದಾಗ ಬಂದ ಕಾಳುಗಳೆಲ್ಲ ಗುಂಡಗೇ ಇದ್ದವು. ಅರೆಸುಕ್ಕಿನದು ಒಂದೂ ಇರಲಿಲ್ಲ. ಸುಕ್ಕು ಅಳಿಯಿತು ಎಂದುಕೊಳ್ಳಬೇಕು, ಅಷ್ಟರಲ್ಲಿ ಆ ಗುಂಡು ಕಾಳುಗಳನ್ನು ಬಿತ್ತಿ, ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ 5,474 ಗುಂಡು ಕಾಳುಗಳ ಜೊತೆ 1,850 ಸುಕ್ಕು ಕಾಳುಗಳು ಹುಟ್ಟಿದವು. ಅವು ಅಜ್ಜನಷ್ಟೇ ಸುಕ್ಕಾಗಿದ್ದವು, ಒಂದಿಷ್ಟೂ ತಿಳಿಯಾಗಿರಲಿಲ್ಲ. ಹಳದಿ-ಹಸಿರು ಬಣ್ಣಕ್ಕೆ ಬಂದ ಲೆಕ್ಕ 6,022ಕ್ಕೆ 2,001. ಎರಡರಲ್ಲೂ ಹೆಚ್ಚುಕಡಿಮೆ ಮೂರಕ್ಕೆ ಒಂದು. ಇದಕ್ಕೆ ಮೆಂಡೆಲ್ ಕೊಟ್ಟ ವಿವರಣೆ ಸರಳ. ಪ್ರತಿ ಗುಣದ ಹಿಂದೆ ಎರಡು ಕಾರಕಗಳ ಜೋಡಿ ಇದೆ, ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಮುಂದಿನ ಪೀಳಿಗೆಗೆ ಹೋಗುವಾಗ ಜೋಡಿ ಒಡೆಯುತ್ತದೆ. ಒಂದೇ ಹೋಗುತ್ತದೆ, ಯಾವುದು ಎಂಬುದು ಕವಡೆ ಬಿದ್ದಂತೆ. ಹಾಲು-ನೀರಿನ ಬದಲು ಒಂದೇ ಮೊರದಲ್ಲಿ ಬೆರೆತ ಅಕ್ಕಿ-ರಾಗಿಯನ್ನು ನೆನೆಯಿರಿ. ದೂರಕ್ಕೆ ಬೂದುಬಣ್ಣದ ರಾಶಿಯಂತೆ ಕಂಡೀತು, ಆದರೆ ಒಂದು ಕಾಳೂ ಇನ್ನೊಂದರಲ್ಲಿ ಕರಗಿರುವುದಿಲ್ಲ.

1865ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಎರಡು ಸಭೆಗಳಲ್ಲಿ ಮೆಂಡೆಲ್ ಇದನ್ನು ಓದಿದ. ಮರುವರ್ಷ ಅಚ್ಚಾಯಿತು. 1900ರವರೆಗೆ ಅದರ ಬೆಲೆ ಯಾರಿಗೂ ತಿಳಿಯಲಿಲ್ಲ. ಆ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬಿಡುತ್ತೇನೆ. ಆದರೆ ಒಂದು ಆಕ್ಷೇಪವನ್ನು ಬಿಡುವಂತಿಲ್ಲ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಮೆಂಡೆಲನ ಅಂಕಿಗಳನ್ನು ಪರೀಕ್ಷಿಸಿ, ಅವು ಸಿದ್ಧಾಂತಕ್ಕೆ ಅನುಮಾನ ಬರುವಷ್ಟು ಚೆನ್ನಾಗಿ ಹೊಂದುತ್ತವೆ ಎಂದ. ಸಹಾಯಕರು ತಿದ್ದಿರಬಹುದೇ, ಅನುಮಾನದ ಕಾಳುಗಳನ್ನು ಬೇಕಾದ ಕಡೆಗೆ ಹಾಕಿರಬಹುದೇ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಇರಲಿ, ತತ್ತ್ವ ನಿಂತಿರುವುದು ಮೆಂಡೆಲನ ನೋಟ್‌ಬುಕ್ಕಿನ ಮೇಲಲ್ಲ. 1900ರ ನಂತರ ಹಲವರು ಅದೇ ಬಟಾಣಿಯನ್ನು ಮತ್ತೆ ಬೆಳೆದು ಎಣಿಸಿದರು, ಮತ್ತೆ ಅದೇ ಮೂರಕ್ಕೆ ಒಂದು ಬಂತು. 1990ರಲ್ಲಿ ಸುಕ್ಕಿನ ಕಾರಣವೇ ಅಣುಮಟ್ಟದಲ್ಲಿ ಸಿಕ್ಕಿತು. ಪಿಷ್ಟವನ್ನು ಕವಲೊಡೆಸುವ ಕಿಣ್ವವೊಂದರ ಜೀನ್‌ನ ನಡುವೆ ಸುಮಾರು 800 ಅಕ್ಷರಗಳ ಒಂದು ಡಿಎನ್ಎ ತುಣುಕು ನುಗ್ಗಿ ಕೂತಿದೆ. ಕಿಣ್ವ ಕೆಟ್ಟಿದ್ದರಿಂದ ಕಾಳಿನಲ್ಲಿ ಸಕ್ಕರೆ ಪಿಷ್ಟವಾಗದೆ ಉಳಿಯುತ್ತದೆ, ಸಕ್ಕರೆ ನೀರು ಹೀರಿಕೊಳ್ಳುತ್ತದೆ, ಒಣಗಿದಾಗ ಉಬ್ಬಿದ ಕಾಳು ಮುದುರುತ್ತದೆ. ಜೋಡಿಯಲ್ಲಿ ಒಂದು ಪ್ರತಿ ಸರಿಯಿದ್ದರೂ ಕೆಲಸಕ್ಕೆ ಸಾಕಾಗುವಷ್ಟು ಕಿಣ್ವ ತಯಾರಾಗುತ್ತದೆ, ಆದ್ದರಿಂದ ಕಾಳು ಗುಂಡಗೆ. ನಮ್ಮ ಪಠ್ಯಪುಸ್ತಕಗಳು ಇದನ್ನು ‘ಪ್ರಬಲ’ ಮತ್ತು ‘ದುರ್ಬಲ’ ಎಂದು ಕರೆದು ಮಕ್ಕಳ ತಲೆಯಲ್ಲಿ ಕುಸ್ತಿಯ ಅಖಾಡ ತೆರೆದಿವೆ. ಅಲ್ಲಿ ಯಾರೂ ಯಾರನ್ನೂ ಕೆಡವಿಲ್ಲ. ಒಂದು ಪ್ರತಿ ದುಡಿಯುತ್ತಿದೆ, ಇನ್ನೊಂದು ಸುಮ್ಮನೆ ಕೂತಿದೆ, ಅಷ್ಟೆ. ‘ತೋರುವ’, ‘ಅಡಗಿದ’ ಎಂಬ ಮಾತುಗಳು ಹೆಚ್ಚು ಸರಿ.

ಈಗ ಹತ್ತಿಗೆ ಮರಳೋಣ. ವರಲಕ್ಷ್ಮಿಯಂಥ ಹೈಬ್ರಿಡ್‌ನ ಮೊದಲ ಪೀಳಿಗೆಯಲ್ಲಿ ಪ್ರತಿ ಗಿಡದಲ್ಲೂ ಸಾವಿರಾರು ಜೋಡಿಗಳು ಒಂದು ತಾಯಿಯದು, ಒಂದು ತಂದೆಯದು ಎಂದು ಒಂದೇ ತೆರನಾಗಿ ಕೂತಿರುತ್ತವೆ. ಅದಕ್ಕೇ ಹೊಲವೆಲ್ಲ ಒಂದೇ ಎತ್ತರ, ಒಂದೇ ಹುರುಪು. ಆ ಗಿಡಗಳ ಬೀಜ ಬಿತ್ತಿದರೆ ಜೋಡಿಗಳು ಒಡೆದು ಹೊಸದಾಗಿ ಕೂಡುತ್ತವೆ, ಗಿಡಕ್ಕೊಂದು ಬಗೆಯಾಗುತ್ತದೆ. ರಾಗಿ ತನ್ನ ಪರಾಗವನ್ನು ತಾನೇ ಬಳಸಿಕೊಳ್ಳುವ ಬೆಳೆ. ಸಂಕರದ ನಂತರ ಅಲ್ಲೂ ಜೋಡಿಗಳು ಒಡೆಯುತ್ತವೆ, ಆದರೆ ಪ್ರತಿ ಪೀಳಿಗೆಯಲ್ಲೂ ಭಿನ್ನ ಜೋಡಿಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಆರು ಪೀಳಿಗೆ ಕಳೆದರೆ ಉಳಿಯುವುದು 64ರಲ್ಲಿ ಒಂದು ಭಾಗ. ಅಷ್ಟು ಹೊತ್ತಿಗೆ ಲಕ್ಷ್ಮಣಯ್ಯನವರಂಥವರು ಬೇಡದ್ದನ್ನು ಕಿತ್ತೆಸೆದು ಬೇಕಾದದ್ದನ್ನು ಆರಿಸಿ, ಇನ್ನು ಒಡೆಯಲು ಭಿನ್ನ ಜೋಡಿಯೇ ಬಹುತೇಕ ಇಲ್ಲದ ತಳಿಯನ್ನು ರೈತನ ಕೈಗಿಟ್ಟಿರುತ್ತಾರೆ. ಎರಡರಲ್ಲೂ ನಡೆಯುವ ನಿಯಮ ಒಂದೇ. ಹತ್ತಿಯವನು ಜೋಡಿಗಳು ಒಡೆಯುವುದಕ್ಕೆ ಮುಂಚೆ ಬೆಳೆ ತೆಗೆಯುತ್ತಾನೆ, ರಾಗಿಯವನು ಒಡೆದು ಮುಗಿದ ಮೇಲೆ. ರಾಗಿಯ ಈ ಅರ್ಧಕ್ಕಿಳಿಯುವ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ, ಅದು ಮದುವೆಮನೆಗೂ ಬರಲಿದೆ.

ಇಷ್ಟರಲ್ಲಿ ಸಭೆಯಲ್ಲಿ ಒಬ್ಬರಾದರೂ ಮನಸ್ಸಿನಲ್ಲಿ ಕೇಳಿರುತ್ತಾರೆ: ಬಟಾಣಿಗೆ ಇದು ಸರಿ, ಮನುಷ್ಯನ ಮೈಬಣ್ಣ, ಎತ್ತರ ಹೀಗಿಲ್ಲವಲ್ಲ? ಕಪ್ಪು ತಂದೆ, ಬಿಳಿ ತಾಯಿಗೆ ಗೋಧಿಬಣ್ಣದ ಮಗು ಹುಟ್ಟುವುದು ಬೆರೆತಂತೆಯೇ ಅಲ್ಲವೇ? ಇದು ಗಟ್ಟಿಯಾದ ಆಕ್ಷೇಪ. 1900ರ ನಂತರ ಇಂಗ್ಲೆಂಡಿನಲ್ಲಿ ಎರಡು ಪಂಗಡಗಳು ಇದರ ಮೇಲೆ ವರ್ಷಗಟ್ಟಲೆ ಜಗಳವಾಡಿದವು. ಉತ್ತರದ ಮೊದಲ ಎಳೆ ಸ್ವೀಡನ್ನಿನ ಗೋಧಿಹೊಲದಿಂದ ಬಂತು. ಕೆಂಪು ಗೋಧಿಯನ್ನು ಬಿಳಿ ಗೋಧಿಯೊಂದಿಗೆ ಕೂಡಿಸಿದ ನಿಲ್ಸನ್-ಎಹ್ಲೆ, ಬಣ್ಣವನ್ನು ಮೂರು ಜೋಡಿಗಳು ಸೇರಿ ನಿರ್ಧರಿಸುತ್ತವೆ, ಅಂಥಲ್ಲಿ ಎರಡನೆಯ ಪೀಳಿಗೆಯ 64ರಲ್ಲಿ ಒಂದು ಮಾತ್ರ ಅಪ್ಪಟ ಬಿಳಿಯಾಗುತ್ತದೆ, ಉಳಿದವು ಕೆಂಪಿನ ಹಲವು ಛಾಯೆಗಳಾಗುತ್ತವೆ ಎಂದು ತೋರಿಸಿದ. ಜೋಡಿಗಳು ಹೆಚ್ಚಿದಷ್ಟೂ ಮೆಟ್ಟಿಲುಗಳು ಕಿರಿದಾಗಿ ಕೊನೆಗೆ ಇಳಿಜಾರಿನಂತೆ ಕಾಣುತ್ತವೆ. 1918ರಲ್ಲಿ ಫಿಷರನೇ ಇದನ್ನು ಗಣಿತದಲ್ಲಿ ಸಾಧಿಸಿದ. 50 ಲಕ್ಷಕ್ಕೂ ಹೆಚ್ಚು ಜನರ ಡಿಎನ್ಎ ಒಟ್ಟುಗೂಡಿಸಿದ 2022ರ ಅಧ್ಯಯನವೊಂದು ಎತ್ತರದ ಮೇಲೆ ಪ್ರಭಾವ ಬೀರುವ 12,000ಕ್ಕೂ ಮಿಕ್ಕಿದ ತಾಣಗಳನ್ನು ಗುರುತಿಸಿತು. ಅಷ್ಟು ಕಾಳುಗಳ ರಾಶಿ ಹಿಟ್ಟಿನಂತೆ ಕಂಡರೆ ಆಶ್ಚರ್ಯವಿಲ್ಲ. ಅದು ಹಿಟ್ಟಲ್ಲ ಎಂಬುದಕ್ಕೆ ಸಾಕ್ಷಿ ಪ್ರತಿ ಮನೆಯಲ್ಲಿದೆ. ನಿಜಕ್ಕೂ ಬೆರೆಯುವುದಾಗಿದ್ದರೆ ಒಂದೇ ತಂದೆತಾಯಿಯ ಮಕ್ಕಳೆಲ್ಲ ಒಂದೇ ಬಣ್ಣ, ಒಂದೇ ಎತ್ತರ ಇರಬೇಕಿತ್ತು. ಗೋಧಿಬಣ್ಣದ ದಂಪತಿಗೆ ಹುಟ್ಟಿದ ಮೂವರಲ್ಲಿ ಒಬ್ಬಳು ‘ಥೇಟ್ ಅಜ್ಜಿಯ ಬಣ್ಣ’ ಆಗುವುದು ಕಾಳು ಕರಗದೆ ಉಳಿದಾಗ ಮಾತ್ರ ಸಾಧ್ಯ.

ಕಾಳು ಕರಗುವುದಿಲ್ಲ, ಆದರೆ ಕಳೆದುಹೋಗುತ್ತದೆ. ಇದು ವಂಶಾಭಿಮಾನಿಗಳು ಗಮನಿಸದ ಸಂಗತಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿವೆ. ನಮ್ಮ ವರ್ಣತಂತುಗಳು ಇರುವುದು 46. ಪ್ರತಿ ಪೀಳಿಗೆಯಲ್ಲೂ ಅವು ತುಂಡಾಗಿ ಅದಲುಬದಲಾದರೂ, ಎಲ್ಲ 1,024 ಮಂದಿಯ ಪಾಲು ನಮ್ಮೊಳಗೆ ಹಿಡಿಸುವಷ್ಟು ತುಂಡುಗಳಾಗುವುದಿಲ್ಲ. ಅವರಲ್ಲಿ ಎಷ್ಟೋ ಜನರಿಂದ ನಮಗೆ ಒಂದು ತುಣುಕೂ ಬಂದಿಲ್ಲ. ಗೋತ್ರ ಈ 1,024ರಲ್ಲಿ ಒಬ್ಬನನ್ನು, ತಂದೆಯ ತಂದೆಯ ತಂದೆಯನ್ನು, ಮಾತ್ರ ಹಿಡಿದು ಸಾಗುವ ಎಳೆ. ಗಂಡುಸಂತಾನದಲ್ಲಿ ವೈ ವರ್ಣತಂತು ಅದೇ ದಾರಿಯಲ್ಲಿ ಬರುತ್ತದೆ ಎಂದು ಗೋತ್ರಕ್ಕೆ ವೈಜ್ಞಾನಿಕ ಸಮರ್ಥನೆ ಒದಗಿಸುವವರಿದ್ದಾರೆ. ವೈ ನಮ್ಮ ಡಿಎನ್ಎಯ ನೂರರಲ್ಲಿ ಒಂದೆರಡು ಪಾಲು. ಮಗಳಿಗೆ ತಂದೆಯ ಗೋತ್ರವಿದೆ, ವೈ ಇಲ್ಲ. ದತ್ತು ಬಂದ ಮಗನಿಗೆ ಹೊಸ ಗೋತ್ರ ಬರುತ್ತದೆ, ವೈ ಹಳೆಯದೇ ಇರುತ್ತದೆ. ಗೋತ್ರ ಸಮಾಜ ಮಾಡಿಕೊಂಡ ಗುರುತು. ಹಾಗೆಂದು ಒಪ್ಪಿಕೊಂಡರೆ ಅದಕ್ಕೇನೂ ಕುಂದಿಲ್ಲ, ಜೀವಶಾಸ್ತ್ರದ ವೇಷ ತೊಡಿಸಿದಾಗಲೇ ತೊಡಕು ಶುರುವಾಗುವುದು.

ಆ ತೊಡಕು ನಮ್ಮ ನಾಡಿನಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಚಿಕ್ಕಪ್ಪನ ಮಗಳು ತಂಗಿ, ಅವಳನ್ನು ಮದುವೆಯಾಗುವ ಮಾತೇ ಪಾಪ. ಸೋದರಮಾವನ ಮಗಳು ವರಸೆಯ ಹುಡುಗಿ. ಅಕ್ಕನ ಮಗಳನ್ನು ತಮ್ಮನಿಗೇ ಕೊಡುವುದೂ ಅನೇಕ ಸಮುದಾಯಗಳಲ್ಲಿ ರೂಢಿ. ಮಾವನ ಮಗಳನ್ನು ಮದುವೆಯಾಗುವುದು ದಕ್ಷಿಣದವರ ವಿಶಿಷ್ಟ ಆಚಾರ ಎಂದು ಬೌಧಾಯನ ಧರ್ಮಸೂತ್ರವೇ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಸಪಿಂಡ ಸಂಬಂಧವನ್ನು ನಿಷೇಧಿಸಿಯೂ ರೂಢಿಗೆ ಬಾಗಿಲು ತೆರೆದಿಟ್ಟಿದೆ. ಗೋತ್ರದ ಲೆಕ್ಕದಲ್ಲಿ ಇವೆಲ್ಲ ಸುಸೂತ್ರ, ಅಕ್ಕನ ಮಗಳ ಗೋತ್ರ ಅವಳ ತಂದೆಯದು. ಕಾಳಿನ ಲೆಕ್ಕ ಬೇರೆ. ಚಿಕ್ಕಪ್ಪನ ಮಗಳೂ ಮಾವನ ಮಗಳೂ ನಮ್ಮೊಂದಿಗೆ ಹಂಚಿಕೊಂಡಿರುವುದು ಒಂದೇ ಪ್ರಮಾಣ, ಎಂಟರಲ್ಲಿ ಒಂದು ಪಾಲು. ಅಕ್ಕನ ಮಗಳಂತೂ ನಾಲ್ಕರಲ್ಲಿ ಒಂದು. ಅಂದರೆ ಸೋದರಮಾವ-ಸೋದರಸೊಸೆಯ ಮಗುವಿನಲ್ಲಿ ಯಾವುದೇ ಜೋಡಿಯ ಎರಡೂ ಕಾಳುಗಳು ಒಬ್ಬನೇ ಪೂರ್ವಜನ ಒಂದೇ ಕಾಳಿನ ಪ್ರತಿಗಳಾಗಿರುವ ಸಂಭವ ಎಂಟರಲ್ಲಿ ಒಂದು. ಮಾವನ ಮಗಳ ಮಗುವಿನಲ್ಲಿ ಹದಿನಾರರಲ್ಲಿ ಒಂದು. ಇಪ್ಪತ್ತು ತಲೆಮಾರು ಹಿಂದೆ ಕವಲೊಡೆದ ಸಗೋತ್ರದ ಹುಡುಗಿ ನಿಷಿದ್ಧ, ಮನೆಯೊಳಗಿನ ಅಕ್ಕನ ಮಗಳು ಯೋಗ್ಯ! ಜಮೀನು ಹೊರಗೆ ಹೋಗದಿರಲಿ, ಹುಡುಗಿ ಕಂಡ ಮನೆಯಲ್ಲಿ ಸುಖವಾಗಿರಲಿ ಎಂಬ ಕಾರಣಗಳು ಇದರ ಹಿಂದಿವೆ, ಅವು ಹುರುಳಿಲ್ಲದ ಕಾರಣಗಳಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಸಂಬಂಧ ಹತ್ತಿರದ್ದೋ ದೂರದ್ದೋ ಎಂದು ಗೋತ್ರ ಅಳೆಯಲಾರದು.

ಇದರಿಂದ ಆಗುವ ತೊಂದರೆ ಎಷ್ಟು? ಇಲ್ಲಿ ಹೆದರಿಸುವವರೂ ಹಗುರ ಮಾಡುವವರೂ ಇಬ್ಬರೂ ತಪ್ಪುತ್ತಾರೆ. ಹತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ಅಡಗಿದ ಬಗೆಯ ಕಾಯಿಲೆಯನ್ನು ತೆಗೆದುಕೊಳ್ಳಿ. ಆ ಕೆಟ್ಟ ಕಾಳು ಜನರಲ್ಲಿ ನೂರಕ್ಕೆ ಒಂದರಂತೆ ಹರಡಿದೆ ಎಂದರ್ಥ. ಮಾವನ ಮಗಳನ್ನು ಮದುವೆಯಾದಲ್ಲಿ ಅದೇ ಕಾಯಿಲೆ ಹತ್ತು ಸಾವಿರಕ್ಕೆ ಸುಮಾರು 7, ಅಕ್ಕನ ಮಗಳಾದರೆ ಸುಮಾರು 13. ‘ಹದಿಮೂರು ಪಟ್ಟು’ ಎಂದರೆ ಎದೆ ಒಡೆಯುತ್ತದೆ, ‘ಹತ್ತು ಸಾವಿರದಲ್ಲಿ ಹದಿಮೂರು’ ಎಂದರೆ ಉಸಿರು ಬರುತ್ತದೆ. ಎರಡೂ ನಿಜ. ಆದರೆ ಅಂಥ ಕಾಯಿಲೆ ಒಂದಲ್ಲ, ಸಾವಿರಕ್ಕೂ ಹೆಚ್ಚಿವೆ, ಪ್ರತಿಯೊಬ್ಬರೂ ಕೆಲವನ್ನಾದರೂ ಅಡಗಿಸಿಕೊಂಡಿದ್ದಾರೆ. ಆದ್ದರಿಂದ ಸಣ್ಣ ಸಣ್ಣ ಸಂಭವಗಳು ಕೂಡುತ್ತ ಹೋಗುತ್ತವೆ. ಇಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ‘ನಮ್ಮ ವಂಶದಲ್ಲಿ ಏನೂ ಆಗಿಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಒಂದು ಮನೆಯ ಐದಾರು ಮಕ್ಕಳಲ್ಲಿ ಕಾಣದ ಹೆಚ್ಚಳ ಆಸ್ಪತ್ರೆಯ ದಾಖಲೆಯ ಸಾವಿರಾರು ಹೆರಿಗೆಗಳಲ್ಲಿ ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರತಿವಾದ ವಿದ್ವಾಂಸರಿಂದಲೇ ಬಂದಿದೆ. ಎರಡು ಸಾವಿರ ವರ್ಷ ಒಳಮದುವೆ ನಡೆದಿದ್ದರೆ ಕೆಟ್ಟ ಕಾಳುಗಳು ಜೋಡಿಯಾಗಿ, ರೋಗವಾಗಿ, ಸೋಸಿಹೋಗಿರಬೇಕಲ್ಲವೇ? ರಾಗಿಯಲ್ಲಿ ಆಗಿರುವುದು ಹಾಗೆಯೇ. ಆದರೆ ರಾಗಿ ಪ್ರತಿ ಪೀಳಿಗೆಯಲ್ಲೂ, ಬಹುತೇಕ ಪ್ರತಿ ಗಿಡದಲ್ಲೂ, ತನ್ನೊಂದಿಗೇ ಕೂಡುತ್ತದೆ. ಅಲ್ಲಿ ಭಿನ್ನ ಜೋಡಿಗಳಲ್ಲಿ ಅರ್ಧದಷ್ಟು ಪ್ರತಿ ಸಲವೂ ಬಯಲಿಗೆ ಬರುತ್ತವೆ. ಮನುಷ್ಯರಲ್ಲಿ ಅತಿ ಹತ್ತಿರದ ಈ ಸಂಬಂಧದಲ್ಲೂ ಅದು ಎಂಟರಲ್ಲಿ ಒಂದು, ಅದೂ ಕೆಲವೇ ಮದುವೆಗಳಲ್ಲಿ. ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ 1908ರಲ್ಲಿ ಬರೆದ ಪುಟ್ಟ ಪತ್ರವೊಂದರ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಹತ್ತು ಸಾವಿರಕ್ಕೆ ಒಬ್ಬ ರೋಗಿ ಇದ್ದಲ್ಲಿ, ಏನೂ ತೊಂದರೆಯಿಲ್ಲದೆ ಒಂದು ಕೆಟ್ಟ ಕಾಳನ್ನು ಹೊತ್ತವರು 198 ಮಂದಿ. ರೋಗ ಬಯಲುಮಾಡುವುದು ನೂರು ಕೆಟ್ಟ ಕಾಳುಗಳಲ್ಲಿ ಒಂದನ್ನು. ತೊಂಬತ್ತೊಂಬತ್ತು ಮರೆಯಲ್ಲೇ ದಾಟುತ್ತವೆ. ಇಂಥ ಜರಡಿಯಲ್ಲಿ ಎರಡು ಸಾವಿರ ವರ್ಷ ಸೋಸಿದರೂ ಎಲ್ಲವೂ ಕೆಳಗಿಳಿಯುವುದಿಲ್ಲ. ಮತ್ತೊಂದು ವ್ಯತ್ಯಾಸವನ್ನೂ ಮರೆಯಬಾರದು. ತಳಿಗಾರ ಬೇಡದ ಗಿಡವನ್ನು ಕಿತ್ತು ಬದುವಿನ ಮೇಲೆ ಎಸೆಯುತ್ತಾನೆ. ‘ಸೋಸುವುದು’ ಎಂಬ ಮಾತನ್ನು ಮನುಷ್ಯರ ಬಗ್ಗೆ ಆಡುವಾಗ ನಾವು ಹೇಳುತ್ತಿರುವುದು ಸತ್ತ ಶಿಶುಗಳ ಸಂಗತಿ.

ಹಾಗಾದರೆ ದೂರದ ಊರಿನ, ಸಂಬಂಧವೇ ಇಲ್ಲದ, ಆದರೆ ನಮ್ಮದೇ ಜಾತಿಯ ಹುಡುಗಿಯನ್ನು ತಂದರೆ ಮುಗಿಯಿತೇ? ಬಹುಮಟ್ಟಿಗೆ ಹೌದು, ಪೂರ್ತಿ ಅಲ್ಲ. ದಕ್ಷಿಣ ಭಾರತದ ವೈಶ್ಯ ಸಮುದಾಯವೊಂದರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸುವ ಕಿಣ್ವ ಇಲ್ಲದವರು ಬೇರೆಡೆಗಿಂತ ಹೆಚ್ಚು ಎಂಬುದು ಅರಿವಳಿಕೆ ತಜ್ಞರಿಗೆ ಬಹುಕಾಲದಿಂದ ಗೊತ್ತು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿ, 81 ಗುಂಪುಗಳು ಒಂದು ಕಾಲದ ಕೆಲವೇ ಪೂರ್ವಜರಿಂದ ಬೆಳೆದ ಗುರುತನ್ನು ಬಹಳ ಬಲವಾಗಿ ಹೊತ್ತಿವೆ ಎಂದಿತು. ಅವುಗಳಲ್ಲಿ ಹತ್ತು ಲಕ್ಷ ಮೀರಿದ ಜನಸಂಖ್ಯೆಯವೂ ಇವೆ. ಜನ ಲಕ್ಷಗಟ್ಟಲೆ, ಕಾಳು ಕೆಲವೇ ಕಣಜಗಳದ್ದು. ಶುದ್ಧವಾಗಿ ಉಳಿದೆವು ಎಂದು ಹೆಮ್ಮೆಪಡುವವರು ರಾಗಿ ತಳಿಗಾರನ ಬಾಯಲ್ಲಿ ‘ಶುದ್ಧ’ ಎಂದರೆ ಏನರ್ಥ ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು: ಜೋಡಿಯ ಎರಡೂ ಕಾಳು ಒಂದೇ.

ಕೊನೆಯ ಆಕ್ಷೇಪ ಬೇರೆ ದಿಕ್ಕಿನದು. ಇದೆಲ್ಲ ಹಣೆಬರಹವನ್ನೇ ಹೊಸ ಲಿಪಿಯಲ್ಲಿ ಬರೆದಂತಾಯಿತಲ್ಲ ಎಂದು. ಎರಡು ಕಾರಣಗಳಿಂದ ಅಲ್ಲ. ಮೊದಲನೆಯದು, ಕಾಳಿನ ಲೆಕ್ಕ ಸಂಭವದ ಲೆಕ್ಕ. ತಂದೆತಾಯಿ ಇಬ್ಬರೂ ಒಂದೇ ಕೆಟ್ಟ ಕಾಳಿನ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಇದನ್ನು ಕೇಳಿ ‘ಮೊದಲನೆಯದಕ್ಕೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದುಕೊಳ್ಳುವವರಿದ್ದಾರೆ. ಚೌಕಾಬಾರದ ಕವಡೆಗೆ ಹಿಂದಿನ ಎಸೆತ ನೆನಪಿರುವುದಿಲ್ಲ. ಎರಡನೆಯದು ಹೆಚ್ಚು ಮುಖ್ಯ. ದಾಟಿಬರುವುದು ಗುಣವಲ್ಲ, ಗುಣಕ್ಕೆ ಕಾರಣವಾಗಬಲ್ಲ ಒಂದು ಸಲಕರಣೆ. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್ ಗುರುತಿಸಿದ ಫೀನೈಲ್‌ಕೀಟೋನ್ಯೂರಿಯಾದಲ್ಲಿ ಜೋಡಿಯ ಎರಡೂ ಪ್ರತಿಗಳು ಕೆಟ್ಟು, ಆಹಾರದ ಒಂದು ಅಮೈನೊ ಆಮ್ಲ ಕರಗದೆ ಮಿದುಳನ್ನು ಹಾಳುಮಾಡುತ್ತದೆ. 1950ರ ದಶಕದಲ್ಲಿ ಆ ಅಮೈನೊ ಆಮ್ಲವನ್ನು ತೀರ ಕಡಿಮೆ ಮಾಡಿದ ಆಹಾರ ಸಿದ್ಧವಾಯಿತು. ಅದನ್ನು ಹುಟ್ಟಿದ ಕೆಲವೇ ವಾರಗಳೊಳಗೆ ಶುರುಮಾಡಿದ ಮಕ್ಕಳು ಎಲ್ಲರಂತೆ ಓದಿ ಬೆಳೆಯುತ್ತಾರೆ. ಕೆಟ್ಟ ಕಾಳು ಎರಡೂ ಅಲ್ಲೇ ಇವೆ, ಕಾಯಿಲೆ ಇಲ್ಲ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಹತ್ತಾರು ಸಾವಿರ ನವಜಾತ ಶಿಶುಗಳ ರಕ್ತದ ಹನಿಗಳನ್ನು ಪರೀಕ್ಷಿಸಿದ್ದು ಇಂಥ ಅಮೈನೊ ಆಮ್ಲದ ದೋಷಗಳಿಗಾಗಿಯೇ. ತಂದೆತಾಯಿ ಸಂಬಂಧಿಕರೇ ಎಂದೂ ಕೇಳಿ ಬರೆದುಕೊಂಡರು. ಸುಮಾರು ಮೂರರಲ್ಲಿ ಒಂದು ದಂಪತಿ ಹೌದೆಂದರು, ಅವರಲ್ಲಿ ಸೋದರಮಾವ-ಸೋದರಸೊಸೆಯ ಸಂಬಂಧದವರೇ ಹೆಚ್ಚು. ಆ ಹನಿಯಲ್ಲಿ ಪರೀಕ್ಷೆ ಹುಡುಕುವುದು ರಕ್ತವನ್ನಲ್ಲ, ಒಡೆಯದೆ ಉಳಿದ ಅಮೈನೊ ಆಮ್ಲವನ್ನು. ಅದು ಸಿಕ್ಕ ಮಗುವಿಗೆ ಆಹಾರ ಬದಲಿಸಲು ಇರುವ ಕಾಲಾವಕಾಶ, ನಮ್ಮ ಕಡೆ ಬಾಣಂತಿ ಇನ್ನೂ ಹೊಸ್ತಿಲು ದಾಟದೆ ಇರುವಷ್ಟು ದಿನಗಳು.